ಸತ್ಯಾಂಶ: ಎರಡು ಅರ್ಧಾಯು ಕಳೆದರೆ ಕಾರ್ಬನ್-14 ಖಾಲಿಯಾಗುತ್ತದೆಯೇ?

ಕಾರ್ಬನ್-14 ಎಂಬುದು ಜೀವಿಗಳಲ್ಲಿರುವ ವಿಕಿರಣಶೀಲ ಇಂಗಾಲ; ಜೀವಿ ಸತ್ತ ಮೇಲೆ ಅದು ಎಷ್ಟು ಕಡಿಮೆಯಾಗಿದೆ ಎಂದು ಅಳೆದು ಹಳೆಯ ಇದ್ದಿಲು, ಮೂಳೆಗಳ ಕಾಲ ತಿಳಿಯುತ್ತಾರೆ. ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವೇ ಅರ್ಧಾಯು. ಕಾರ್ಬನ್-14ರ ಅರ್ಧಾಯು 5,730 ವರ್ಷವಾದ್ದರಿಂದ 11,460 ವರ್ಷಗಳಲ್ಲಿ ಅದು ಪೂರ್ತಿ ಮುಗಿದುಹೋಗುತ್ತದೆ, ಆದ್ದರಿಂದ ಸಂಗನಕಲ್ಲು, ಕುಡತಿನಿಗಳ ಬೂದಿದಿಬ್ಬಗಳ ಕಾಲನಿರ್ಣಯವೆಲ್ಲ ಬರೀ ಊಹೆ ಎಂಬ ಸಂದೇಶ ಬಳ್ಳಾರಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಪ್ರತಿ ಅರ್ಧಾಯುವಿನಲ್ಲೂ ಕಡಿಮೆಯಾಗುವುದು ಮೊದಲಿದ್ದುದರ ಅರ್ಧವಲ್ಲ, ಉಳಿದುದರ ಅರ್ಧ. ಒಂದು ಕಾರ್ಬನ್-14 ಪರಮಾಣು ಯಾವುದೇ ಒಂದು ವರ್ಷದಲ್ಲಿ ಸಾರಜನಕವಾಗಿ ಬದಲಾಗುವ ಸಂಭವ ಸುಮಾರು 8,267ರಲ್ಲಿ ಒಂದು; ಪರಮಾಣು ಎಷ್ಟೇ ಹಳತಾದರೂ ಈ ಸಂಭವ ಹೆಚ್ಚುವುದಿಲ್ಲ. ಹಾಗಾಗಿ 11,460 ವರ್ಷಗಳ ಬಳಿಕವೂ ಕಾಲು ಭಾಗ ಉಳಿದಿರುತ್ತದೆ. 5,000 ವರ್ಷ ಹಳೆಯ ಇದ್ದಿಲಿನಲ್ಲಂತೂ ಶೇಕಡ 55ರಷ್ಟು ಇರುತ್ತದೆ.

ದೇಹದಿಂದ ಔಷಧಿ ಹೊರಹೋಗುವ ಲೆಕ್ಕಕ್ಕೂ ವೈದ್ಯವಿಜ್ಞಾನ ಬಹುಮಟ್ಟಿಗೆ ಉಳಿದುದರ ಅರ್ಧ ಎಂಬ ಇದೇ ಕ್ರಮವನ್ನು ಬಳಸುತ್ತದೆ. ಆದರೆ ಅಲ್ಲಿ ಮೂತ್ರಪಿಂಡ, ಯಕೃತ್ತುಗಳ ಸ್ಥಿತಿಗೆ ತಕ್ಕಂತೆ ದರ ಬದಲಾಗುತ್ತದೆ; ರಾಸಾಯನಿಕ ಕ್ರಿಯೆಯ ದರ ಶಾಖಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಾರ್ಬನ್-14ರ ದರ ಬೆಂಕಿಗೆ ಜಗ್ಗುವುದಿಲ್ಲ. ನವಶಿಲಾಯುಗದ ಜನ ಸಗಣಿಯ ರಾಶಿಗಳನ್ನು ಸುಟ್ಟದ್ದರಿಂದಲೇ ಈ ದಿಬ್ಬಗಳು ಉಂಟಾದವು ಎಂಬುದನ್ನು ನೆನೆದರೆ, ಇದು ಸಣ್ಣ ಸಂಗತಿಯಲ್ಲ.

ಕಲ್ಲಿನ ಕೊಡಲಿಯನ್ನು ಮಾತ್ರ ಹೀಗೆ ನೇರವಾಗಿ ಅಳೆಯಲಾಗದು. ಅದೇ ಪದರದಲ್ಲಿ ಸಿಕ್ಕ ಇದ್ದಿಲು, ಮೂಳೆ, ಬೀಜಗಳನ್ನು ಅಳೆದು, ಬಂದ ಅಂಕಿಯನ್ನು ಮರದ ವಾರ್ಷಿಕ ಉಂಗುರಗಳ ದಾಖಲೆಯೊಂದಿಗೆ ತಾಳೆ ನೋಡಿ ತಿದ್ದುತ್ತಾರೆ.