ಅರ್ಧ ಬಿಸ್ಕತ್ತು ತಿಂದರೆ ದೇವರ ಪ್ರೀತಿ ಕಮ್ಮಿಯಾಗುತ್ತಾ?

ಉಪವಾಸ ಕೊಟ್ಟು ದೇವರ ಪ್ರೀತಿ ಕೊಂಡುಕೊಳ್ಳಬಹುದು ಅಂತ ನಮ್ಮವರಿಗೆ ಯಾರು ಹೇಳಿಕೊಟ್ಟರೋ! ಪ್ರತಿ ತಪಸ್ಸುಕಾಲದಲ್ಲೂ, ಅಂದರೆ ಈಸ್ಟರ್‌ಗೆ ಮುಂಚಿನ ನಮ್ಮ ಕ್ರೈಸ್ತರ ಉಪವಾಸದ ಕಾಲದಲ್ಲೂ, ಇದೇ ಮಾತು. ಮಾಂಸ ಬಿಟ್ಟೆಯಾ? ಶುಕ್ರವಾರ ಏನಾದರೂ ತಿಂದೆಯಾ? ಹೊಟ್ಟೆ ಕಟ್ಟಿದರೆ ದೇವರು ಒಲಿಯುತ್ತಾನೆ, ಇಲ್ಲಾಂದ್ರೆ ಮುಖ ತಿರುಗಿಸುತ್ತಾನೆ. ಕೇಳಿ ಕೇಳಿ ಸಾಕಾಗಿದೆ.

ನಿನ್ನೆ ಶುಕ್ರವಾರ ಕಲಬುರಗಿಯಲ್ಲಿ ಶಿಲುಬೆ ಹಾದಿಗೆ ಹೋಗಿದ್ದೆ. ಯೇಸು ಶಿಲುಬೆ ಹೊತ್ತು ನಡೆದದ್ದನ್ನ ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ ಅದು. ಸಂಜೆಯಾದರೂ ನೆಲ ಕಾದೇ ಇತ್ತು. ಎಪ್ಪತ್ತು ದಾಟಿದ ಆಯಿ ಒಬ್ಬರು ಗೋಡೆಗೆ ಒರಗಿ, ಸೆರಗಿನ ಗಂಟು ಬಿಚ್ಚಿ ಬಿಸ್ಕತ್ತು ತೆಗೆದರು. ಅವರಿಗೆ ಶುಗರ್ ಇದೆ. ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲ್ಲರೆದುರೇ ಗದರಿದರು: "ಯೇಸುಸ್ವಾಮಿ ನಮಗಾಗಿ ಶಿಲುಬಿ ಹೊತ್ತಾನ, ನಿನಗ ಒಂದು ತಾಸು ಹೊಟ್ಟಿ ಕಟ್ಲಾಕ ಆಗಲ್ಲೇನು?" "ತಪ್ಪಾಯ್ತ್ರೀ" ಅಂದ ಆಯಿ, ಅರ್ಧ ತಿಂದ ಬಿಸ್ಕತ್ತನ್ನ ಮತ್ತೆ ಸೆರಗಿಗೆ ಕಟ್ಟಿಕೊಂಡರು.

ಆಗ ನಾವು ನಿಂತಿದ್ದದ್ದು ಐದನೇ ಸ್ಥಳದಲ್ಲಿ. ಸಿರೇನಿನ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುವ ಸ್ಥಳ ಅದು. ನನಗೆ ಮುಂದೆ ಪ್ರಾರ್ಥನೆ ಹೇಳಲು ಬಾಯೇ ಬರಲಿಲ್ಲ.

ತಪ್ಪು ಯಾವುದು? ನಮ್ಮ ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಉಪವಾಸ 18 ತುಂಬಿದವರಿಂದ 59 ತುಂಬುವವರಿಗೆ ಮಾತ್ರ ಕಡ್ಡಾಯ. ಅದೂ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಯೇಸು ಶಿಲುಬೆಯಲ್ಲಿ ಸತ್ತದ್ದನ್ನ ನೆನೆಯುವ ಶುಭ ಶುಕ್ರವಾರ, ಎರಡೇ ದಿನ. ಆ ದಿನಗಳಲ್ಲೂ ಒಂದು ಪೂರ್ತಿ ಊಟ, ಎರಡು ಸಲ ಅಲ್ಪ ಆಹಾರ ಇದೆ. ಕಾಯಿಲೆಯವರಿಗೆ ವಿನಾಯಿತಿ. ನಮ್ಮ ಓಣಿಯ ಮುಸ್ಲಿಂ ಮನೆಗಳನ್ನೇ ನೋಡಿ. ರೋಜಾ ಇಡಲಾಗದ ಮುದುಕರನ್ನ ಯಾರೂ ಬೈಯಲ್ಲ. ಅವರ ಬದಲಿಗೆ ಒಬ್ಬ ಬಡವನಿಗೆ ಊಟ ಹಾಕಿಸುತ್ತಾರೆ.

"ಹೀಗೆ ಸಡಿಲ ಬಿಟ್ಟರೆ ಶಿಸ್ತು ಎಲ್ಲಿ ಉಳಿಯುತ್ತೆ?" ಅಂತ ಒಬ್ಬರು ನನ್ನನ್ನೇ ಕೇಳಿದರು. ಶಿಸ್ತು ಬೇಡ ಅಂತ ಯಾರು ಹೇಳಿದರು? ನಾನೂ ಉಪವಾಸ ಇರುತ್ತೇನೆ, ನಿಮಗೆಲ್ಲ ಗೊತ್ತೇ ಇದೆ. ಆದರೆ ಪ್ರೀತಿ ಸಿಗಲಿ ಅಂತಲ್ಲ, ಸಿಕ್ಕಿದೆ ಅಂತ. ಇದು ತಿರುವುಮುರುವಾದರೆ ಉಪವಾಸ ಸುಮ್ನೆ ಲಂಚವಾಗುತ್ತೆ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿ. ಆಸ್ತಿ ಹಾಳು ಮಾಡಿದ ಮಗ ದಾರಿಯುದ್ದಕ್ಕೂ ಒಂದು ಮಾತು ಸಿದ್ಧ ಮಾಡಿಕೊಂಡು ಬರುತ್ತಾನೆ. ಪಾಪ ಮಾಡಿದೆ ಅನ್ನಬೇಕು, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ ಅನ್ನಬೇಕು, ನನ್ನನ್ನ ಕೂಲಿಯವನ ಹಾಗೆ ಇಟ್ಟುಕೋ ಅನ್ನಬೇಕು. ಆದರೆ ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಮಗ ಶುರು ಮಾಡುತ್ತಾನೆ, ಕೂಲಿಯ ಮಾತು ಬಾಯಿಗೆ ಬರುವಷ್ಟರಲ್ಲಿ ಅಪ್ಪ ಅಂಗಿ, ಉಂಗುರ, ಚಪ್ಪಲಿ ತರಿಸುತ್ತಿದ್ದಾನೆ. ಕೂಲಿ ಲೆಕ್ಕ ಹೇಳಲು ಆ ಅಪ್ಪ ಬಿಡಲೇ ಇಲ್ಲ! ನಾವು ಮಾತ್ರ ತಪಸ್ಸುಕಾಲ ಬಂದರೆ ಸಾಕು, ಒಬ್ಬರ ಕೂಲಿ ಲೆಕ್ಕ ಇನ್ನೊಬ್ಬರು ಬರೆಯುತ್ತಾ ಕೂರುತ್ತೇವೆ. ನಾವಿನ್ನೂ ಪಾಪದಲ್ಲಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತ ಅಂತ ಸಂತ ಪೌಲ ರೋಮನರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಇಷ್ಟು ಸ್ಪಷ್ಟವಾಗಿ ಬರೆದದ್ದು ನಮ್ಮ ತಲೆಗೆ ಯಾಕೆ ಹತ್ತಲ್ಲ?

ವಿಭೂತಿ ಬುಧವಾರದಿಂದ ಪಾಸ್ಕದ (ಈಸ್ಟರ್‌ನ) ಹಿಂದಿನ ದಿನದವರೆಗೆ ಎಣಿಸಿ, 46 ದಿನ ಬರುತ್ತೆ. ನಾವು 40 ಅನ್ನುತ್ತೇವೆ. ಆರು ಭಾನುವಾರ ಲೆಕ್ಕಕ್ಕಿಲ್ಲ, ಯಾಕಂದ್ರೆ ಭಾನುವಾರ ಪುನರುತ್ಥಾನದ ದಿನ, ಉಪವಾಸದ ದಿನವಲ್ಲ. ದುಃಖದ ಕಾಲದಲ್ಲೂ ಸಭೆ ವಾರಕ್ಕೊಂದು ಹಬ್ಬ ಉಳಿಸಿಕೊಂಡಿದೆ. ಅಂಥ ಸಭೆಯ ಹೆಸರಲ್ಲಿ ಮುದುಕಿಯ ಬಾಯಿಂದ ಬಿಸ್ಕತ್ತು ಬಿಡಿಸೋದಾ?

ನಾಳೆ ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಪ್ರಕಟಣೆಯಲ್ಲಿ ಈ ವಯಸ್ಸಿನ ನಿಯಮ ಓದಿ ಹೇಳಿ ಅಂತ ಫಾದರ್ ಹತ್ತಿರ ಕೇಳಿದ್ದೇನೆ. ಒಪ್ಪಿದ್ದಾರೆ. ಬೀದರ್, ಯಾದಗಿರಿ ಕಡೆಯ ಗೆಳೆಯರೇ, ನಿಮ್ಮ ಚರ್ಚಿನಲ್ಲೂ ಕೇಳಿ. ಶಿಲುಬೆ ಹಾದಿಗೆ ನಾಲ್ಕು ಕುರ್ಚಿ, ಒಂದು ಕೊಡ ನೀರು ಇಡಿಸಿ.