ಹಾರ್ನ್ ಮಾಡಬೇಡಿ, ಒಳಗೆ ಪಾಠ ನಡೀತಿದೆ

ಮಗಳನ್ನು ಕರೆತರಲು ದಿನಾ ಶಾಲೆ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ ಕಾಯುತ್ತೇನೆ. ಪಕ್ಕದಲ್ಲೇ ಬೋರ್ಡು: 'ಶಾಲಾ ವಲಯ, ಹಾರ್ನ್ ಮಾಡಬೇಡಿ'. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಹಗಲಿನ ಮಿತಿ 50 ಡೆಸಿಬೆಲ್. ಅಂದರೆ ಪಕ್ಕದವರ ಜೊತೆ ಮೆಲ್ಲಗೆ ಮಾತಾಡುವಷ್ಟು. ಮೊನ್ನೆ ಒಬ್ಬ ಮರಳು ಲಾರಿಯವನು ಬೋರ್ಡು ನೋಡಿ ಹಾರ್ನ್ ಮೇಲಿಂದ ಕೈ ತೆಗೆದ. ಪುಣ್ಯಾತ್ಮ. ಆಗಲೇ ಎರಡನೇ ಮಹಡಿಯಿಂದ ಕೇಳಿಸಿತು: "ಸೈಲೆನ್ಸ್! ಇದೇನು ಕ್ಲಾಸಾ, ಮೀನು ಮಾರ್ಕೆಟ್ಟಾ?"

ಲಾರಿಯವನು ಬೆಚ್ಚಿ ಬ್ರೇಕ್ ಹಾಕಿದ.

ಮೀನು ಮಾರ್ಕೆಟ್ಟಿಗೆ ನಾನು ಪ್ರತಿ ಭಾನುವಾರ ಹೋಗುತ್ತೇನೆ. "ಬಾರಣ್ಣ, ಬಂಗುಡೆ ಈಗಷ್ಟೇ ಬಂತು" ಅಂತ ಕರೆಯುತ್ತಾರೆ. ಯಾರೂ ನನ್ನನ್ನು ಕತ್ತೆ ಅಂದಿಲ್ಲ. ರೇಟು ಮರೆತು ಎರಡನೇ ಸಲ ಕೇಳಿದರೆ, "ಆಗ ನಿದ್ದೆ ಮಾಡ್ತಿದ್ದೆಯಾ?" ಅಂತ ಬೆಂಚಿನ ಮೇಲೆ ನಿಲ್ಲಿಸಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್, ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು ಎನ್ನುತ್ತದೆ. ಮೊದಲರ್ಧ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಕೋಲು ಬೀರುವಿನ ಹಿಂದೆ ಸೇರಿತು, ಅದರ ಕೆಲಸವೆಲ್ಲ ಗಂಟಲಿಗೆ ವರ್ಗ ಆಯಿತು. ಗಂಟಲಿನಿಂದ ಬಾಸುಂಡೆ ಏಳುವುದಿಲ್ಲ. ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ಏನೂ ಸಿಗುವುದಿಲ್ಲ.

ಏಳುವುದೇ ಇಲ್ಲ ಅಂತಲ್ಲ, ಬೇರೆ ಕಡೆ ಏಳುತ್ತದೆ. ಭಾನುವಾರ ರಾತ್ರಿ ಗಡದ್ದಾಗಿ ಉಂಡ ಮಗುವಿಗೆ ಸೋಮವಾರ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಹೊಟ್ಟೆನೋವು. ಸ್ಕೂಲ್ ಬಸ್ ಹೋದ ಮೇಲೆ ವಾಸಿ. ಮನೆಯಲ್ಲಿ 'ಏಳೆಂಟ್ಲಿ ಐವತ್ತಾರು' ಅಂತ ಪಟಪಟ ಹೇಳುವ ಹುಡುಗಿ, ಕ್ಲಾಸಲ್ಲಿ ಗದರಿದ ಕೂಡಲೇ ತನ್ನ ಹೆಸರನ್ನೇ ಮರೆಯುತ್ತಾಳೆ. ಒಂದಕ್ಕೆ ಹೋಗಬೇಕು ಅಂತ ಕೇಳಲು ಹೆದರಿ... ಬಿಡಿ, ಒದ್ದೆ ಬೆಂಚಿನ ಕತೆ ನಿಮಗೂ ಗೊತ್ತಿರುತ್ತದೆ. ಬೈಸಿಕೊಂಡವನು ಒಬ್ಬ, ನಡುಗಿದವರು ಮೂವತ್ತೊಂಬತ್ತು.

ಪೋಷಕರ ಸಭೆಯಲ್ಲಿ ಈ ಮಾತು ಎತ್ತಿದೆ. ಪಕ್ಕದಲ್ಲಿದ್ದವರು, "ನಮ್ಮ ಮೇಷ್ಟ್ರೂ ಹೀಗೇ ಕೂಗಾಡ್ತಿದ್ರು ಸಾರ್, ನಮಗೇನಾಗಿದೆ?" ಅಂತ ಮೇಜು ಗುದ್ದಿ ಕಿರುಚಿದರು. ಹೆದರಿದ ಮಕ್ಕಳಿಗೆ ಕೌನ್ಸೆಲಿಂಗ್ ಇದೆಯಾ ಅಂತ ಸರ್ಕಾರಿ ಶಾಲೆಯ ಗೆಳೆಯನನ್ನು ಕೇಳಿದೆ. "ಇದೆಯಲ್ಲ, ವರ್ಗಾವಣೆಗೆ" ಅಂದ. ಶಿಕ್ಷಣ ಇಲಾಖೆಯಲ್ಲಿ ಕೌನ್ಸೆಲಿಂಗ್ ಅಂದರೆ ಅದೇ, ಮೇಷ್ಟ್ರಿಗೆ ಯಾವ ಊರು ಬೇಕು ಅಂತ ಕೇಳುವುದು.

ಮೇಷ್ಟ್ರ ಪಾಡೂ ಸುಲಭದ್ದಲ್ಲ, ಒಪ್ಪೋಣ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ, ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ. ಅವರ ಮೇಲೆ ಹೆಡ್‌ಮಾಸ್ಟರು ಕೂಗುತ್ತಾರೆ, ಹೆಡ್‌ಮಾಸ್ಟರ ಮೇಲೆ ಬಿಇಒ. ಕೂಗು ನೀರಿನ ಹಾಗೆ, ಕೆಳಕ್ಕೇ ಇಳಿಯುತ್ತದೆ. ಒಂದನೇ ಕ್ಲಾಸಿನ ಮಗುವಿಗಿಂತ ಕೆಳಗೆ ಇನ್ಯಾರೂ ಇಲ್ಲ ಅಂದುಕೊಂಡಿದ್ದೆ.

ಇದ್ದಾರೆ. ನಿನ್ನೆ ಮಗಳು ದಿಂಬುಗಳನ್ನು ಸಾಲಾಗಿ ಕೂರಿಸಿ ಟೀಚರ್ ಆಟ ಆಡುತ್ತಿದ್ದಳು. ಪಾಠ ಇಲ್ಲ, ಬರೀ ಹಾಜರಿ ಮತ್ತು ಬೈಗುಳ. ಕೊನೇ ಸಾಲಿನ ಕರಡಿ ಗೊಂಬೆಗೆ ಬೆರಳು ತೋರಿಸಿ, "ನಿನ್ ತಲೇಲಿ ಏನಿದೆ?" ಅಂತ ಗದರಿದಳು.

"ಹತ್ತಿ, ಮಿಸ್" ಅಂದೆ, ಪಾಪ ಅದರ ಪರವಾಗಿ.

"ಬಾಯ್ ಮುಚ್ಚು! ನಿನ್ನ ಕೇಳಿದ್ನಾ?"

ಕೈ ಕಟ್ಟಿ ಕೂತೆ.