ಹಳೇ ಆಯಿಲ್ ಬಳಿದ್ರೆ ತುಕ್ಕು ಹಿಡಿಯಲ್ವಾ? ಸತ್ಯಾಂಶ ಇಷ್ಟು

ಮೂಡಿಗೆರೆ, ಸಕಲೇಶಪುರ ಕಡೆ ಮಳೆಗಾಲ ಹತ್ರ ಬಂದ್ರೆ ಸಾಕು ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡುತ್ತೆ, ಜೀಪಿಗೆ ಹಿಂದೆ ಸ್ಟೆಪ್ನಿ ಕ್ಯಾರಿಯರ್ ಹಾಕ್ಸಿದ್ಮೇಲೆ ತೂತು ಕೊರೆದ ಜಾಗಕ್ಕೆ, ಹಂಗೇ ಗಾಡಿ ಅಡಿಗೆಲ್ಲ ಹಳೇ ಇಂಜಿನ್ ಆಯಿಲ್ ಬಳೀರಿ, ತುಕ್ಕು ಹತ್ರಾನೂ ಸುಳಿಯಲ್ಲ ಅಂತ. ಪೂರ್ತಿ ಸುಳ್ಳಲ್ಲ, ಎಣ್ಣೆ ಪದರ ಇರೋವರೆಗೂ ನೀರು ತಾಗಲ್ಲ, ಆದ್ರೆ ನಮ್ಮ ಮಲೆನಾಡ ಮಳೇಲಿ ಅದು ಎಷ್ಟು ದಿನ ನಿಲ್ಲುತ್ತೆ ಹೇಳಿ? ಮೇಲಾಗಿ ಸುಟ್ಟ ಆಯಿಲಲ್ಲಿ ಆಸಿಡ್ ಅಂಶ, ಲೋಹದ ಪುಡಿ ಎಲ್ಲ ಇರುತ್ತೆ, ಸಸ್ಪೆನ್ಷನ್ ಜಾಯಿಂಟಲ್ಲಿರೋ ರಬ್ಬರ್ ಬುಷ್ ಊದ್ಕೊಂಡು ಹಾಳಾಗುತ್ತೆ, ಬ್ರೇಕಿಗೆ ತಾಗಿದ್ರಂತೂ ಘಾಟಿ ಇಳಿಯೋವಾಗ ದೇವರೇ ಗತಿ, ಕೊನೆಗೆ ಅದೆಲ್ಲ ತೊಳೆದು ಹೋಗಿ ಸೇರೋದು ತೋಟದ ಹಳ್ಳಕ್ಕೇ.

ಅದರ ಬದಲು, ಕ್ಯಾರಿಯರ್‌ಗೆ ಡ್ರಿಲ್ ಮಾಡಿದ ತಕ್ಷಣ ಕಬ್ಬಿಣದ ಪುಡಿ ಒರೆಸಿ, ತೂತಿನ ಅಂಚಿಗೆ ಜಿಂಕ್ ಪ್ರೈಮರ್ (ತುಕ್ಕು ತಡೆಯೋ ಮೊದಲ ಕೋಟ್), ಮೇಲೆ ಪೇಂಟ್, ಬೋಲ್ಟ್ ಕೂರಿಸೋವಾಗ ನೀರು ನುಗ್ಗದ ಹಾಗೆ ಸೀಲೆಂಟ್ ಹಾಕ್ಸಿ, ಮೆಕ್ಯಾನಿಕ್ ಏನೂ ಆಗಲ್ಲ ಸಾರ್ ಅಂದ್ರೂ ಬಿಡ್ಬೇಡಿ. ಬೋಲ್ಟ್ ಕೂರೋ ತಗಡಿನ ಒಳಗಡೆ ದಪ್ಪ ಪ್ಲೇಟ್ ಕೊಡ್ಸಿ, ಇಲ್ಲಾಂದ್ರೆ ಚಕ್ರದ ಭಾರಕ್ಕೆ, ಕುಲುಕಾಟಕ್ಕೆ ತಗಡು ಸೀಳುತ್ತೆ, ಅಲ್ಲೇ ಪೇಂಟ್ ಬಿರಿದು ತುಕ್ಕು ಶುರು. ಡೋರ್ ಕೆಳಗೆ ನೀರು ಹೋಗೋ ಸಣ್ಣ ತೂತುಗಳಿರುತ್ತಲ್ಲ, ಅಂಡರ್‌ಕೋಟಿಂಗ್ (ಗಾಡಿ ಅಡಿಗೆ ಹೊಡೆಯೋ ತುಕ್ಕು ತಡೆ ಲೇಪನ) ಮಾಡೋರು ಕೆಲವು ಸಲ ಅದನ್ನೂ ಮುಚ್ಚಿಬಿಡ್ತಾರೆ, ನೋಡ್ಕೊಳ್ಳಿ. ಇನ್ನು ವೀಲ್ ಆರ್ಚ್, ಅಂದ್ರೆ ಚಕ್ರದ ಮೇಲಿನ ಕಮಾನಿನ ಒಳಗೆ ಮೆತ್ತಿದ ಕೆಸರು ತೇವ ಹಿಡ್ಕೊಂಡೇ ಕೂತಿರುತ್ತೆ, ಅದನ್ನ ಆಗಾಗ ಪೈಪ್ ಬಿಟ್ಟು ತೊಳೀರಿ.